ಹೆಸರಿಲ್ಲದ ವಿದ್ಯೆಯನ್ನು ವರಿಸಿದ ಎಡ್ಸ್‌ಗರ್ ಡೈಕ್‌ಸ್ಟ್ರಾ

ಒಂದು ಶಾಸ್ತ್ರದಲ್ಲಿ ಪಾರಂಗತನಾಗಬೇಕೆಂದು ಹೊರಟ ವಿದ್ಯಾರ್ಥಿಯು ನಡುದಾರಿಯಲ್ಲಿ ಬೇರೊಂದು ಶಾಸ್ತ್ರದ ಕಡೆಗೆ ತಿರುಗಿದನೆಂದರೆ ಹಿರಿಯರ ಮನಸ್ಸಿಗೆ ಕಸಿವಿಸಿಯಾಗುವುದು ಸಹಜ. ಭೌತವಿಜ್ಞಾನದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಿದವನು ಅದನ್ನು ಬಿಟ್ಟು ಗಣಕವಿಜ್ಞಾನಕ್ಕೆ ಹೋದನೆಂಬ ಸುದ್ದಿ ಈಗ ನಮ್ಮ ಊರುಗಳಲ್ಲಿ ಅಪರೂಪವಲ್ಲ. ಹೋದವನು ಹಣದಾಸೆಗೆ ಹೋದನೆಂದು ತೀರ್ಪು ಕೊಡುವವರೂ ಅಪರೂಪವಲ್ಲ. ಆದರೆ ಗಣಕವಿಜ್ಞಾನವೆಂಬ ಹೆಸರೇ ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ, ಹಣವಾಗಲಿ ಪದವಿಯಾಗಲಿ ಕೀರ್ತಿಯಾಗಲಿ ಕಣ್ಣಿಗೆ ಕಾಣದಿದ್ದ ದಾರಿಯನ್ನು ಹಿಡಿಯಲು ಭೌತವಿಜ್ಞಾನದ ರಾಜಮಾರ್ಗವನ್ನೇ ತೊರೆದವರೊಬ್ಬರಿದ್ದರು. ಹಾಗೆ ತೊರೆಯುವ ಮುನ್ನ ಅವರು ತಮ್ಮನ್ನು ಕೇಳಿಕೊಂಡ ಪ್ರಶ್ನೆಯು ಸಂಬಳದ ಪ್ರಶ್ನೆಯಾಗಿರಲಿಲ್ಲ. ತಾನು ಹಿಡಿಯಹೊರಟಿರುವುದು ವಿದ್ಯೆಯೋ ಅಥವಾ ಬರಿಯ ಕೈಚಳಕವೋ ಎಂಬುದಾಗಿತ್ತು. ಆ ಮಹನೀಯರೇ ಹಾಲೆಂಡ್ ದೇಶದ ಎಡ್ಸ್‌ಗರ್ ವೀಬೆ ಡೈಕ್‌ಸ್ಟ್ರಾ.

ಡೈಕ್‌ಸ್ಟ್ರಾ ಅವರು 1930ನೆಯ ಇಸವಿ ಮೇ ತಿಂಗಳ 11ನೆಯ ದಿನ ರಾಟರ್‌ಡ್ಯಾಮ್ ಬಂದರು ನಗರದಲ್ಲಿ ಜನಿಸಿದರು. ತಂದೆಯವರು ರಸಾಯನವಿಜ್ಞಾನಿಗಳು, ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದವರು, ತಮ್ಮ ದೇಶದ ರಸಾಯನವಿಜ್ಞಾನ ಸಂಘದ ಅಧ್ಯಕ್ಷ ಪೀಠವನ್ನೂ ಅಲಂಕರಿಸಿದವರು. ತಾಯಿಯವರು ಗಣಿತವನ್ನು ವ್ಯಾಸಂಗ ಮಾಡಿದ್ದ ವಿದುಷಿ. ಯಾವ ಹುದ್ದೆಯಲ್ಲಿಯೂ ಇರಲಿಲ್ಲ. ಆದರೂ ಮಗನ ಬುದ್ಧಿಯ ಮೇಲೆ ಅಚ್ಚಳಿಯದ ಮುದ್ರೆಯನ್ನೊತ್ತಿದವರು ಈ ಮಾತೆಯೇ. ತ್ರಿಕೋಣಮಿತಿಯು ಕಠಿಣವೇ ಎಂದು ಬಾಲಕನು ಒಮ್ಮೆ ಕೇಳಿದಾಗ, ಸೂತ್ರಗಳೆಲ್ಲ ಚೆನ್ನಾಗಿ ತಿಳಿದಿರಬೇಕೆಂದೂ, ಒಂದು ಲೆಕ್ಕಕ್ಕೆ ಐದು ಸಾಲುಗಳಿಗಿಂತ ಹೆಚ್ಚು ಬೇಕಾಯಿತೆಂದರೆ ದಾರಿ ತಪ್ಪಿದೆಯೆಂದು ಅರಿಯಬೇಕೆಂದೂ ಆಕೆ ತಿಳಿಸಿದರಂತೆ. ಮುಂದೆ ಜಗತ್ತಿನ ಗಣಕವಿಜ್ಞಾನಿಗಳಿಗೆ ಮಗನು ಬೋಧಿಸಿದ ಸಂಯಮದ ಬೀಜವು ಈ ಮನೆಪಾಠದಲ್ಲಿಯೇ ಅಡಗಿತ್ತೆಂದು ತೋರುತ್ತದೆ.

ಬಾಲಕನಿಗೆ ಹತ್ತು ವರ್ಷ ತುಂಬಿದ ಮೂರನೆಯ ದಿನವೇ, ಅಂದರೆ 1940ರ ಮೇ 14ರಂದು, ಜರ್ಮನಿಯ ವಿಮಾನಗಳು ರಾಟರ್‌ಡ್ಯಾಮ್ ನಗರದ ನಡುಭಾಗವನ್ನು ಬೂದಿ ಮಾಡಿದವು. ದೇಶವು ಐದು ವರ್ಷ ಪರರ ವಶದಲ್ಲಿತ್ತು. ಆ ದಿನಗಳಲ್ಲಿಯೇ ಇರಾಸ್ಮಸ್ ಪಂಡಿತನ ಹೆಸರನ್ನು ಹೊತ್ತ ಹಳೆಯ ವಿದ್ಯಾಶಾಲೆಯಲ್ಲಿ ಗ್ರೀಕ್, ಲ್ಯಾಟಿನ್ ಮೊದಲಾದ ಭಾಷೆಗಳೊಡನೆ ಗಣಿತ, ವಿಜ್ಞಾನಗಳ ಅಭ್ಯಾಸ ನಡೆಯಿತು. ಯುದ್ಧವನ್ನು ಕಣ್ಣಾರೆ ಕಂಡ ಹುಡುಗನಿಗೆ ನ್ಯಾಯಶಾಸ್ತ್ರವನ್ನೋದಿ ವಿಶ್ವಸಂಸ್ಥೆಯಲ್ಲಿ ತನ್ನ ದೇಶದ ಪ್ರತಿನಿಧಿಯಾಗಬೇಕೆಂಬ ಹಂಬಲವಿತ್ತು. 1948ರಲ್ಲಿ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ವಿಜ್ಞಾನ ವಿಷಯಗಳಲ್ಲಿ ಬಂದ ಅಂಕಗಳನ್ನು ನೋಡಿ ತಂದೆತಾಯಿಗಳೂ ಗುರುಗಳೂ ಬೇರೆಯ ಸಲಹೆಯನ್ನಿತ್ತರು. ಹೀಗೆ ಆತ ಲೈಡನ್ ವಿಶ್ವವಿದ್ಯಾಲಯವನ್ನು ಸೇರಿ, ಮೊದಲು ಗಣಿತ ಮತ್ತು ಭೌತವಿಜ್ಞಾನಗಳನ್ನೂ ಅನಂತರ ಸೈದ್ಧಾಂತಿಕ ಭೌತವಿಜ್ಞಾನವನ್ನೂ ಕೈಗೊಂಡರು.

ಲೈಡನ್ ಎಂದರೆ ಸಾಮಾನ್ಯ ಪೀಠವಲ್ಲ. ಲೊರೆಂಟ್ಸ್ ಮಹಾಶಯರು ಅಲ್ಲಿ ಪಾಠ ಹೇಳಿದ್ದರು. ಕಾಮರ್ಲಿಂಗ್ ಓನೆಸ್ ಅವರು 1908ರಲ್ಲಿ ಹೀಲಿಯಂ ಅನಿಲವನ್ನು ಮೊಟ್ಟಮೊದಲು ದ್ರವವನ್ನಾಗಿಸಿದ್ದು ಅಲ್ಲಿಯೇ. ಐನ್‌ಸ್ಟೈನರು ಸಂದರ್ಶಕ ಪ್ರಾಧ್ಯಾಪಕರಾಗಿ ಅಲ್ಲಿಗೆ ಬಂದು ಹೋಗುತ್ತಿದ್ದರು. ಅಂತಹ ಗುರುಪರಂಪರೆಯುಳ್ಳ ಮನೆಯಲ್ಲಿ ಶಿಷ್ಯನಾಗಿ ನಿಂತವನು ಹೊಸ್ತಿಲು ದಾಟಿ ಹೊರಗೆ ಹೋಗುವುದೆಂದರೆ ಎಷ್ಟು ಕಷ್ಟವೆಂಬುದನ್ನು ಗುರುಕುಲದಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದಾರಿ ತಿರುಗಿದ್ದು ಒಂದು ಜಾಹೀರಾತಿನಿಂದ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಎಂಬ ವಿದ್ವಾಂಸರ ನೇತೃತ್ವದಲ್ಲಿ ಎಡ್ಸ್ಯಾಕ್ ಎಂಬ ಗಣಕಯಂತ್ರವು 1949ರಿಂದ ಕೆಲಸ ಮಾಡುತ್ತಿದ್ದಿತು. ಆ ಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ವಿಧಾನವನ್ನು, ಅಂದರೆ ಪ್ರೋಗ್ರಾಂ ಎಂದು ಈಗ ಎಲ್ಲರೂ ಕರೆಯುವ ಕ್ರಮವಿಧಿಯ ರಚನೆಯನ್ನು, ಮೂರು ವಾರಗಳಲ್ಲಿ ಕಲಿಸುವುದಾಗಿ ಪ್ರಕಟಣೆ ಬಂದಿತ್ತು. ಅದನ್ನು ಕಂಡವರು ತಂದೆ. ಲೈಡನ್‌ನ ಮೊದಲ ಪರೀಕ್ಷೆಯನ್ನು ಮಗನು ಶೀಘ್ರವಾಗಿ ಮುಗಿಸಿದ್ದಕ್ಕೆ ಮೆಚ್ಚುಗೆಯಾಗಿ ಅವರು 1951ರ ಸೆಪ್ಟೆಂಬರ್ ತಿಂಗಳಲ್ಲಿ ಅವನನ್ನು ಕೇಂಬ್ರಿಜ್‌ಗೆ ಕಳುಹಿಸಿದರು. ಮಗನ ಉದ್ದೇಶವೂ ಆಗ ಸರಳವೇ ಆಗಿತ್ತು: ಈ ಹೊಸ ಉಪಕರಣವನ್ನು ಬಳಸಬಲ್ಲವನು ಇನ್ನೂ ಉತ್ತಮ ಭೌತವಿಜ್ಞಾನಿಯಾದಾನು. ಅಡುಗೆ ರುಚಿಯಾಗಲೆಂದು ಒಲೆ ಹೂಡುವುದನ್ನು ಕಲಿಯಲು ಹೋದವನು ಬೆಂಕಿಯ ಉಪಾಸಕನೇ ಆಗಿಬಿಟ್ಟಂತಾಯಿತು ಮುಂದಿನ ಕಥೆ.

ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ 1946ರಲ್ಲಿ ಸ್ಥಾಪಿತವಾದ ಗಣಿತ ಕೇಂದ್ರವೆಂಬ ಸಂಸ್ಥೆಯಿತ್ತು. ಅದರ ಗಣನ ವಿಭಾಗದ ಮುಖ್ಯಸ್ಥರಾದ ಆಡ್ರಿಯಾನ್ ವಾನ್ ವೈಂಗಾರ್ಡನ್ ಅವರು ಈ ತರುಣನನ್ನು 1952ರ ಮಾರ್ಚ್ ತಿಂಗಳಲ್ಲಿ ಅಲ್ಪಕಾಲಿಕ ಕೆಲಸಕ್ಕೆ ತೆಗೆದುಕೊಂಡರು. ಹಾಲೆಂಡ್ ದೇಶದ ಪ್ರಥಮ ಕ್ರಮವಿಧಿಕಾರರೆಂದು ಡೈಕ್‌ಸ್ಟ್ರಾ ಅವರನ್ನು ಗುರುತಿಸುವುದು ಈ ಕಾರಣದಿಂದ. ಅವರು ಯಾವುದಕ್ಕೆ ಕ್ರಮವಿಧಿ ಬರೆಯಬೇಕಾಗಿತ್ತೋ ಆ ಯಂತ್ರವು ಇನ್ನೂ ಸರಿಯಾಗಿ ನಿಂತೇ ಇರಲಿಲ್ಲವೆಂಬುದು ಸ್ವಾರಸ್ಯ. ಲೂಪ್‌ಸ್ಟ್ರಾ ಮತ್ತು ಸ್ಕೋಲ್ಟನ್ ಎಂಬಿಬ್ಬರು ಗೆಳೆಯರು ಯಂತ್ರವನ್ನು ಕಟ್ಟುತ್ತಿದ್ದರು. ಡೈಕ್‌ಸ್ಟ್ರಾ ಅವರು ಆ ಯಂತ್ರವು ಯಾವ ಆಜ್ಞೆಗೆ ಹೇಗೆ ನಡೆದುಕೊಳ್ಳತಕ್ಕದ್ದೆಂಬುದನ್ನು ಮೊದಲೇ ಬರಹದಲ್ಲಿ ನಿರೂಪಿಸಿಡುತ್ತಿದ್ದರು. ಆ ಬರಹವೇ ಇಬ್ಬರ ನಡುವಣ ಕರಾರು. ಯಂತ್ರ ಕಟ್ಟುವವರು ಅದಕ್ಕೆ ಬದ್ಧರು, ಕ್ರಮವಿಧಿ ಬರೆಯುವವರೂ ಅದಕ್ಕೆ ಬದ್ಧರು. ಇಲ್ಲದ ಯಂತ್ರಕ್ಕೆ ತಪ್ಪಿಲ್ಲದೆ ಬರೆಯಬೇಕಾದ ಈ ನಿರ್ಬಂಧವು ಅವರಿಗೆ ದೊಡ್ಡ ಗುರುವಾಯಿತು. ಬರೆದದ್ದನ್ನು ಓಡಿಸಿ ನೋಡಿ ತಿದ್ದಿಕೊಳ್ಳೋಣವೆಂಬ ಸೌಕರ್ಯವೇ ಇಲ್ಲದಿರುವಾಗ ಯೋಚಿಸಿ ಬರೆಯುವುದೊಂದೇ ಉಪಾಯ.

ಮೂರು ವರ್ಷ ಹೀಗೆ ಎರಡು ದೋಣಿಗಳಲ್ಲಿ ಕಾಲಿಟ್ಟು ಸಾಗಿದರು. ಒಂದು ಕಡೆ ಲೈಡನ್‌ನ ಭೌತವಿಜ್ಞಾನ, ಇನ್ನೊಂದು ಕಡೆ ಆಮ್‌ಸ್ಟರ್‌ಡ್ಯಾಮ್‌ನ ಗಣಕ. 1955ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ಯಾವುದಾದರೊಂದನ್ನು ಆಯಲೇಬೇಕೆಂಬ ಸಂಕಟ ಬಂದೊದಗಿತು. ಬುದ್ಧಿಗೆ ಒಡ್ಡುವ ಸವಾಲಿನಲ್ಲಿ ಕ್ರಮವಿಧಿರಚನೆಯು ಭೌತವಿಜ್ಞಾನವನ್ನು ಮೀರಿಸುತ್ತದೆಂದು ಅವರ ಅಂತರಂಗಕ್ಕೆ ಖಚಿತವಾಗಿತ್ತು. ಆದರೂ ಅಳುಕು ಬಿಡಲಿಲ್ಲ. ಯಂತ್ರವನ್ನು ಕಟ್ಟುವ ಗೆಳೆಯರನ್ನು ನೀವು ಬಲ್ಲುದೇನೆಂದು ಯಾರಾದರೂ ಕೇಳಿದರೆ ನಿರ್ವಾತ ನಳಿಕೆಗಳು, ವಿದ್ಯುನ್ಮಂಡಲಗಳು ಎಂದು ಅವರು ಎದೆಯುಬ್ಬಿಸಿ ಹೇಳಬಲ್ಲರು. ಕ್ರಮವಿಧಿಕಾರನು ಏನು ಹೇಳಿಯಾನು? ಅವನ ಕೈಯಲ್ಲಿ ಯಾವ ಶಾಸ್ತ್ರಗ್ರಂಥವಿದೆ? ಪೂರ್ವಾಚಾರ್ಯರು ಯಾರು? ಪ್ರಮಾಣಗಳು ಯಾವುವು? ಆ ಕಾಲದ ಕ್ರಮವಿಧಿಕಾರನೆಂದರೆ ಯಂತ್ರದ ಓರೆಕೋರೆಗಳಿಗೆ ತಕ್ಕ ಯುಕ್ತಿಯನ್ನು ಹುಡುಕುವ ಚಮತ್ಕಾರಿ. ವಿದ್ವತ್ಸಭೆಯಲ್ಲಿ ಅವನಿಗೆ ಮಣೆಯಿರಲಿಲ್ಲ.

ಈ ಅಳಲನ್ನು ಹೊತ್ತು ಅವರು ವಾನ್ ವೈಂಗಾರ್ಡನ್ ಅವರ ಕೊಠಡಿಯ ಬಾಗಿಲನ್ನು ತಟ್ಟಿದರು. ಗುರುಗಳು ಸಾವಧಾನದಿಂದ ಕೇಳಿದರು. ಕ್ರಮವಿಧಿರಚನೆಯು ಈಗ ಶಾಸ್ತ್ರವೆನಿಸಿಕೊಳ್ಳಲು ತಕ್ಕುದಲ್ಲವೆಂಬುದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಗಣಕಯಂತ್ರಗಳು ಬಂದು ಹೋಗುವ ಅತಿಥಿಗಳಲ್ಲ, ಉಳಿಯಲೆಂದೇ ಬಂದಿವೆ. ಇದು ಆರಂಭಕಾಲ ಮಾತ್ರ. ಮುಂದಿನ ವರ್ಷಗಳಲ್ಲಿ ಇದನ್ನು ಗೌರವಾರ್ಹವಾದ ವಿದ್ಯೆಯನ್ನಾಗಿ ಮಾಡಲು ಕರೆಯಲ್ಪಟ್ಟವರಲ್ಲಿ ನೀನೂ ಒಬ್ಬನಾಗಬಾರದೇಕೆ ಎಂಬ ಅಭಿಪ್ರಾಯವನ್ನು ಮುಂದಿಟ್ಟರು. ಹೊರಬಂದ ತರುಣನು ಬೇರೆಯ ಮನುಷ್ಯನೇ ಆಗಿದ್ದನು. ಗುರುವಾದವನು ಶಿಷ್ಯನ ಸಂಶಯವನ್ನು ಸುಳ್ಳೆಂದು ತಳ್ಳಿಹಾಕದೆ, ಆ ಸಂಶಯವನ್ನೇ ಅವನ ಜೀವಿತದ ಕಾಯಕವನ್ನಾಗಿ ಮಾಡಿಕೊಟ್ಟ ಈ ಪ್ರಸಂಗವು ಉಪಾಧ್ಯಾಯ ವೃತ್ತಿಯಲ್ಲಿರುವ ನಮ್ಮೆಲ್ಲರ ಮನನಕ್ಕೆ ಅರ್ಹವಾಗಿದೆ. ತರುಣರಿಗೆ ಉಪದೇಶ ಮಾಡುವಾಗ ಎಚ್ಚರದಿಂದಿರಬೇಕು, ಕೆಲವು ವೇಳೆ ಅವರು ಅದರಂತೆ ನಡೆದುಬಿಡುತ್ತಾರೆಂದು ಡೈಕ್‌ಸ್ಟ್ರಾ ಅವರು ಮುಂದೆ ಈ ಘಟನೆಯನ್ನು ನೆನೆದು ವಿನೋದ ಮಾಡುವುದುಂಟು.

ಹಾಗೆಂದು ಅವರು ಭೌತವಿಜ್ಞಾನವನ್ನು ಅರ್ಧಕ್ಕೆ ಎಸೆದು ಬರಲಿಲ್ಲ. ಮನಸ್ಸು ಬೇರೆಡೆ ನೆಲೆಸಿದ್ದರೂ, ಹೆಚ್ಚು ಕಾಲಹರಣ ಮಾಡದೆ, 1956ರಲ್ಲಿ ಲೈಡನ್‌ನ ವ್ಯಾಸಂಗವನ್ನು ಮುಗಿಸಿಯೇ ಹೊರಬಂದರು. ನಡುವೆ ಬಿಟ್ಟವನೆಂಬ ಮಾತಿಗೆ ಆಸ್ಪದವಾಗಲಿಲ್ಲ.

ಅದೇ 1956ರಲ್ಲಿ ಗಣಿತ ಕೇಂದ್ರದ ಆರ್ಮ್ಯಾಕ್ ಎಂಬ ಹೊಸ ಯಂತ್ರದ ಉದ್ಘಾಟನೆ ನಡೆಯುವುದಿತ್ತು. ಗಣಿತವರಿಯದ ಅತಿಥಿಗಳಿಗೂ ಅರ್ಥವಾಗುವ ಒಂದು ಸಮಸ್ಯೆಯನ್ನು ಯಂತ್ರದಿಂದ ಬಿಡಿಸಿ ತೋರಿಸಬೇಕಾಗಿತ್ತು. ಒಂದೂರಿನಿಂದ ಮತ್ತೊಂದೂರಿಗೆ ಹೋಗಲು ಅತ್ಯಂತ ಹತ್ತಿರದ ದಾರಿ ಯಾವುದು ಎಂಬ ಪ್ರಶ್ನೆಯನ್ನು ಅವರು ಆರಿಸಿಕೊಂಡರು. ಒಂದು ಬೆಳಿಗ್ಗೆ ತಮ್ಮನ್ನು ವರಿಸಲಿದ್ದ ರಿಯಾ ಡೆಬೆಟ್ಸ್ ಅವರೊಡನೆ ಅಂಗಡಿ ಬೀದಿಗಳಲ್ಲಿ ತಿರುಗಿ ದಣಿದು, ಕಾಫಿಯಂಗಡಿಯೊಂದರ ಜಗುಲಿಯಲ್ಲಿ ಕುಳಿತಿದ್ದಾಗ, ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಅದರ ಪರಿಹಾರವು ಹೊಳೆಯಿತು. ಕೈಯಲ್ಲಿ ಕಾಗದವಿಲ್ಲ, ಸೀಸದಕಡ್ಡಿಯಿಲ್ಲ. ಹೊರಟ ಊರಿಗೆ ಎಲ್ಲಕ್ಕಿಂತ ಸಮೀಪದ ಊರನ್ನು ಮೊದಲು ನಿಶ್ಚಯಿಸುವುದು. ಅಲ್ಲಿಂದ ಮುಂದಕ್ಕೆ ಹೋಗುವ ದಾರಿಗಳನ್ನು ಕೂಡಿಸಿ ನೋಡಿ, ಉಳಿದವುಗಳಲ್ಲಿ ಸಮೀಪವಾದುದನ್ನು ನಿಶ್ಚಯಿಸುವುದು. ಒಮ್ಮೆ ನಿಶ್ಚಯಿಸಿದ್ದನ್ನು ಮತ್ತೆ ತಿರುಗಿ ನೋಡಬೇಕಾಗಿಲ್ಲ. ಸೇರಬೇಕಾದ ಊರು ಬರುವ ತನಕ ಹೀಗೆಯೇ ಮುಂದುವರಿಯುವುದು. ಪ್ರದರ್ಶನಕ್ಕೆ ಹಾಲೆಂಡಿನ 64 ಊರುಗಳನ್ನು ಆಯ್ದುಕೊಂಡಿದ್ದರು. ಇದನ್ನು ಮೂರು ಪುಟಗಳ ಪುಟ್ಟ ಲೇಖನದಲ್ಲಿ ಪ್ರಕಟಿಸಿದ್ದು 1959ರಲ್ಲಿ. ಇಂದು ಕೈಯೊಳಗಿನ ದೂರವಾಣಿಯು ದಾರಿ ತೋರಿಸುವ ವಿಧಾನಗಳಿಗೂ, ಜಾಲಗಳಲ್ಲಿ ಸಂದೇಶಗಳು ದಾರಿ ಹುಡುಕುವ ವಿಧಾನಗಳಿಗೂ ಈ ಮೂರು ಪುಟಗಳು ಮೂಲವೆಂದರೆ ತಪ್ಪಾಗದು. ಕಾಗದ ಲೇಖನಿಗಳಿಲ್ಲದೆ ಯೋಚಿಸಿದ್ದರಿಂದಲೇ ಬೇಡದ ತೊಡಕುಗಳು ಒಳಗೆ ಸೇರಲಿಲ್ಲವೆಂಬುದು ಅವರ ನಂಬುಗೆ.

1957ರಲ್ಲಿ ರಿಯಾ ಅವರೊಡನೆ ವಿವಾಹವಾಯಿತು. ಆಕೆಯೂ ಗಣಿತ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದವರೇ. ವಿವಾಹದ ನೋಂದಣಿಯಲ್ಲಿ ವರನ ವೃತ್ತಿಯನ್ನು ಬರೆಯಿಸಬೇಕಾಗಿತ್ತು. ಕ್ರಮವಿಧಿಕಾರನೆಂದು ಇವರು ತಿಳಿಸಿದರೆ, ಅಂತಹ ವೃತ್ತಿಯೇ ಲೋಕದಲ್ಲಿಲ್ಲವೆಂದು ಆಮ್‌ಸ್ಟರ್‌ಡ್ಯಾಮ್ ನಗರಸಭೆಯ ಅಧಿಕಾರಿಗಳು ಒಪ್ಪಲಿಲ್ಲ. ಕಡೆಗೆ ಸೈದ್ಧಾಂತಿಕ ಭೌತವಿಜ್ಞಾನಿಯೆಂದು ಬರೆಯಿಸಬೇಕಾಯಿತು. ನಮ್ಮ ನಾಡಿನಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂದು ಶರಣರ ಕಾಯಕವೇ ಹೆಸರಿನ ಮುಂದೆ ನಿಂತು ಶೋಭಿಸಿತು. ಈತನಿಗಾದರೋ ಬಿಟ್ಟುಬಂದ ವಿದ್ಯೆಯ ಹೆಸರು ದಾಖಲೆಯಲ್ಲಿ ಉಳಿಯಿತು. ಹಿಡಿದ ಕಾಯಕಕ್ಕೆ ಹೆಸರನ್ನು ಇನ್ನು ಮುಂದೆ ಸಂಪಾದಿಸಬೇಕಾಗಿತ್ತು.

ಆ ಸಂಪಾದನೆಯೇ ಅವರ ಮುಂದಿನ ಬಾಳು. ಎಕ್ಸ್ ಒನ್ ಎಂಬ ಯಂತ್ರವು ಸಿದ್ಧವಾಗುತ್ತಿದ್ದಾಗ, ನಡೆಯುತ್ತಿರುವ ಗಣನೆಯನ್ನು ಯಾವ ಕ್ಷಣದಲ್ಲಾದರೂ ತಡೆದು ಬೇರೆ ಕೆಲಸಕ್ಕೆ ತಿರುಗಿಸುವ ಏರ್ಪಾಡನ್ನು ಅದರಲ್ಲಿ ಅಳವಡಿಸಬೇಕೆಂದು ಗೆಳೆಯರು ಸೂಚಿಸಿದರು. ಡೈಕ್‌ಸ್ಟ್ರಾ ಅವರಿಗೆ ಮೊದಲು ದಿಗಿಲಾಯಿತು. ತಡೆಯು ಯಾವಾಗ ಬರುವುದೆಂದು ತಿಳಿಯದಿದ್ದಾಗ ಒಮ್ಮೆ ನಡೆದುದು ಮತ್ತೊಮ್ಮೆ ಹಾಗೆಯೇ ನಡೆಯದು. ತಪ್ಪನ್ನು ಹಿಡಿಯುವುದು ಹೇಗೆ? ಪ್ರಯೋಗ ಮಾಡಿ ನೋಡುವುದು ಇಲ್ಲಿ ಕೈಕೊಡುತ್ತದೆ. ತರ್ಕದಿಂದ ಸಾಧಿಸಿ ತೋರಿಸಿದರಷ್ಟೇ ನೆಮ್ಮದಿ. ಹಾಗೆ ಸಾಧಿಸಿಯೇ ಅವರು 1959ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಮಾರ್ಗದರ್ಶಕರು ವಾನ್ ವೈಂಗಾರ್ಡನ್ ಅವರೇ.

ಮರುವರ್ಷ ಜೊನೆವೆಲ್ಡ್ ಎಂಬ ಗೆಳೆಯನೊಡನೆ ಸೇರಿ ಆಲ್ಗಾಲ್ 60 ಎಂಬ ಗಣಕಭಾಷೆಯನ್ನು ಯಂತ್ರದ ಭಾಷೆಗೆ ತಿರುಗಿಸುವ ಅನುವಾದಕವನ್ನು ರಚಿಸಿದರು. ಕೆಲಸ ಮುಗಿಯುವ ತನಕ ಗಡ್ಡ ಬೋಳಿಸುವುದಿಲ್ಲವೆಂದು ಇಬ್ಬರೂ ಪಂಥ ಕಟ್ಟಿದ್ದರು. 1960ರ ಆಗಸ್ಟ್‌ನಲ್ಲಿ ಕೆಲಸ ಮುಗಿಯಿತು. ಗೆಳೆಯನು ಗಡ್ಡ ತೆಗೆಸಿದನು, ಡೈಕ್‌ಸ್ಟ್ರಾ ಅವರು ಕಡೆಯ ತನಕ ಉಳಿಸಿಕೊಂಡರು. ಒಂದು ಕೆಲಸದ ನಡುವೆ ಅದೇ ಕೆಲಸವು ಮತ್ತೆ ತನ್ನನ್ನು ತಾನೇ ಕರೆದುಕೊಳ್ಳುವ ಸಂದರ್ಭವನ್ನು ನಿಭಾಯಿಸಲು ಅವರು ಬಳಸಿದ ಉಪಾಯವು ನಮ್ಮ ದಾಸೋಹದ ಮನೆಯಲ್ಲಿ ತೊಳೆದು ಒಂದರ ಮೇಲೊಂದು ಪೇರಿಸಿದ ತಟ್ಟೆಗಳಂತೆ: ಕಡೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು. ಈ ಆಲ್ಗಾಲ್ ಭಾಷೆಯ ವ್ಯಾಕರಣವನ್ನು ನಿರೂಪಿಸಲು ಬಾಕಸ್ ಮತ್ತು ನೌರ್ ಎಂಬವರು ಬಳಸಿದ ಸೂತ್ರಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸತಕ್ಕದ್ದೆಂದು ಇಂಗರ್ಮನ್ ಎಂಬ ವಿದ್ವಾಂಸರು 1967ರಲ್ಲಿ ಸೂಚಿಸಿದರೆಂಬುದನ್ನು ವ್ಯಾಕರಣದ ವಿದ್ಯಾರ್ಥಿಗಳು ತಿಳಿದಿರಬೇಕು.

1962ರಲ್ಲಿ ಐಂಡ್‌ಹೋವನ್ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, ಗಣಿತದ ಪ್ರಾಧ್ಯಾಪಕರೆಂದೇ. ಗಣಕವಿಜ್ಞಾನಕ್ಕೆ ಅಲ್ಲಿ ಪ್ರತ್ಯೇಕ ಪೀಠವಿರಲಿಲ್ಲ. ಕೆಲವೇ ಸಹಾಯಕರನ್ನು ಕೂಡಿಕೊಂಡು, ಒಂದೇ ಯಂತ್ರವು ಹಲವರ ಕೆಲಸಗಳನ್ನು ಏಕಕಾಲದಲ್ಲಿ ನಡೆಸುವ ವ್ಯವಸ್ಥೆಯೊಂದನ್ನು ಪದರ ಪದರವಾಗಿ ಕಟ್ಟಿದರು. ಒಂದು ಪದರವು ನಿರ್ದುಷ್ಟವೆಂದು ಖಚಿತವಾದ ಮೇಲೆಯೇ ಮೇಲಿನ ಪದರ. ಹಲವು ಕೆಲಸಗಳು ಒಂದೇ ಸಾಧನಕ್ಕೆ ಮುಗಿಬಿದ್ದಾಗ ಯಾರು ಮುಂದೆ, ಯಾರು ಹಿಂದೆ? ಒಂಟಿ ಹಳಿಯ ರೈಲುದಾರಿಯಲ್ಲಿ, ನಿಲ್ದಾಣದವರು ಕೊಟ್ಟ ಟೋಕನ್ ಕೈಗೆ ಬಾರದೆ ಚಾಲಕನು ಗಾಡಿಯನ್ನು ಮುಂದಕ್ಕೆ ಬಿಡಕೂಡದೆಂಬ ಹಳೆಯ ಕಟ್ಟಳೆಯನ್ನು ವಾಚಕರು ಬಲ್ಲರು. ಡೈಕ್‌ಸ್ಟ್ರಾ ಅವರು ಯೋಜಿಸಿದ ಸಂಕೇತಕ್ಕೂ ರೈಲಿನ ಕೈಮರವೆಂಬರ್ಥದ ಸೆಮಫೋರ್ ಎಂಬ ಹೆಸರೇ ನಿಂತಿದೆ. ಆ ವ್ಯವಸ್ಥೆಯ ವಿವರವು 1968ರಲ್ಲಿ ಅಚ್ಚಾಯಿತು.

ಕೀರ್ತಿ ಹೊರಗಿನಿಂದ ಬರುತ್ತಿದ್ದಾಗ ಮನೆಯೊಳಗೆ ಮನ್ನಣೆಯಿರಲಿಲ್ಲ. ಗಣಿತಜ್ಞರಿಗೆ ಇದು ಗಣಿತವಾಗಿ ಕಾಣಲಿಲ್ಲ; ಅವರ ಪುಟ್ಟ ತಂಡವೂ ಚದುರಿಹೋಯಿತು. ಹದಿಮೂರು ವರ್ಷಗಳ ಹಿಂದೆ ಕಾಡಿದ್ದ ಪ್ರಶ್ನೆಯು ಪ್ರಾಧ್ಯಾಪಕ ಪೀಠದ ಮೇಲೆ ಕುಳಿತಾಗಲೂ ಎದುರಿಗೆ ಬಂದು ನಿಂತಿತು. ಮನಸ್ಸಿಗೆ ಆಳವಾದ ಖಿನ್ನತೆ ಕವಿದು ತಿಂಗಳುಗಟ್ಟಲೆ ಬಾಧಿಸಿತು. ಅದರಿಂದ ಮೇಲೆದ್ದು ಬರಲು ಬರೆದುದೇ 1969ರ ರಚನಾಬದ್ಧ ಕ್ರಮವಿಧಿಯನ್ನು ಕುರಿತ ಟಿಪ್ಪಣಿಗಳು. ಹಿಂದಿನ ವರ್ಷವೇ, ಕ್ರಮವಿಧಿಯ ನಡುವೆ ಮನಬಂದ ಕಡೆಗೆ ನೆಗೆಯಲು ಬಿಡುವ ಆಜ್ಞೆಯು ಅನರ್ಥಕಾರಿಯೆಂದು ಅವರು ಬರೆದ ಒಂದು ಚಿಕ್ಕ ಲೇಖನವನ್ನು ಸಂಪಾದಕರಾದ ನಿಕ್ಲಾಸ್ ವಿರ್ತ್ ಅವರು ಪತ್ರರೂಪದಲ್ಲಿ, ತಾವೇ ಶೀರ್ಷಿಕೆಯಿಟ್ಟು, ಅಚ್ಚು ಮಾಡಿಸಿದ್ದರು. ಅದು ಎಬ್ಬಿಸಿದ ಕೋಲಾಹಲ ದೊಡ್ಡದು. ಆದರೆ ಡೈಕ್‌ಸ್ಟ್ರಾ ಎಂದರೆ ಆ ಒಂದು ನಿಷೇಧವೆಂದು ಎಣಿಸುವವರು ಅವರನ್ನು ಓದಿಲ್ಲವೆಂದೇ ನನ್ನ ಭಾವನೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಲ್ಲಿ ಒಂದು ಹೆಜ್ಜೆಯಿಡುವ ಯಂತ್ರವು ಒಂದು ಗಂಟೆಯಲ್ಲಿ 360 ಕೋಟಿ ಹೆಜ್ಜೆಗಳನ್ನಿಡುತ್ತದೆ. ಇಷ್ಟು ದೀರ್ಘ ನಡಿಗೆಯನ್ನು ಅಳತೆಯುಳ್ಳ ಮಾನವ ಬುದ್ಧಿಯು ಹಿಡಿಯಬೇಕಾದರೆ ಬರಹದ ಸಾಲಿಗೂ ನಡಿಗೆಯ ಕ್ರಮಕ್ಕೂ ಹೊಂದಿಕೆಯಿರಬೇಕು. ಪರೀಕ್ಷೆಯು ದೋಷವಿರುವುದನ್ನು ತೋರಿಸಬಲ್ಲುದೇ ಹೊರತು ಇಲ್ಲವೆಂಬುದನ್ನು ತೋರಿಸಲಾರದು. ಆದುದರಿಂದ ಕ್ರಮವಿಧಿಯೂ ಅದರ ಸಾಧನೆಯೂ ಕೈಹಿಡಿದು ಬೆಳೆಯಬೇಕು. ಅವರ ಬೋಧೆಯ ತಿರುಳು ಇದು.

1972ರ ಆಗಸ್ಟ್‌ನಲ್ಲಿ ಬಾಸ್ಟನ್ ನಗರದಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿಯನ್ನು ಅರ್ಪಿಸಲಾಯಿತು. ಗಣಕವಿಜ್ಞಾನದಲ್ಲಿ ಅದಕ್ಕಿಂತ ಹಿರಿದಾದ ಮನ್ನಣೆಯಿಲ್ಲ. ಅಂದಿನ ಉಪನ್ಯಾಸದಲ್ಲಿ ಅವರು ವಾನ್ ವೈಂಗಾರ್ಡನ್ ಅವರ ಕೊಠಡಿಯ ಸಂಭಾಷಣೆಯನ್ನೂ ವಿವಾಹದ ದಾಖಲೆಯನ್ನೂ ನೆನೆದರು. ವಿನಯವೇ ಕ್ರಮವಿಧಿಕಾರನ ಮೊದಲ ಗುಣವೆಂಬುದು ಆ ಭಾಷಣದ ವಸ್ತುವಾಗಿತ್ತು.

1973ರಿಂದ ಬರೋಸ್ ಎಂಬ ಸಂಸ್ಥೆಯ ಸಂಶೋಧಕರಾಗಿ ನ್ಯೂನೆನ್ ಎಂಬ ಹಳ್ಳಿಯ ತಮ್ಮ ಮನೆಯಲ್ಲಿಯೇ ಕುಳಿತು ಕೆಲಸ ಮಾಡಿದರು. ಚಿತ್ರಕಾರ ವ್ಯಾನ್ ಗೋ ಕೆಲಕಾಲ ವಾಸವಾಗಿದ್ದ ಊರು ಅದು. 1976ರಲ್ಲಿ ಅವರ ಪ್ರೌಢಗ್ರಂಥವು ಹೊರಬಂದಿತು. ಕ್ರಮವಿಧಿರಚನೆಯನ್ನು ಶಾಸ್ತ್ರವೆಂದು ಕರೆಯುವ ಧೈರ್ಯವನ್ನು ಅದರ ಹೆಸರಿನಲ್ಲಿಯೇ ತೋರಿದರು. 1984ರಲ್ಲಿ ಅಮೆರಿಕದ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯವು ಅವರನ್ನು ಬರಮಾಡಿಕೊಂಡಿತು. ಈ ಸಲ ಪೀಠವು ಗಣಕವಿಜ್ಞಾನದ ಹೆಸರಿನಲ್ಲಿಯೇ ಇದ್ದಿತು.

ಅವರ ಪಾಠಕ್ರಮವು ಉಪಾಧ್ಯಾಯರಿಗೆ ಆಸಕ್ತಿದಾಯಕವಾದೀತು. ಪಠ್ಯಪುಸ್ತಕವನ್ನು ಹಿಡಿಯುತ್ತಿರಲಿಲ್ಲ, ಕರಿಹಲಗೆ, ಸೀಮೆಸುಣ್ಣಗಳಷ್ಟೇ. ಮೆಲ್ಲನೆ, ನಡುನಡುವೆ ದೀರ್ಘ ಮೌನವನ್ನಿಟ್ಟು ಮಾತಾಡುವರು. ಪರೀಕ್ಷೆಯು ಬರಹದಲ್ಲಿರದೆ, ಒಬ್ಬೊಬ್ಬ ವಿದ್ಯಾರ್ಥಿಯನ್ನೂ ಪ್ರತ್ಯೇಕವಾಗಿ ಎದುರಿಗೆ ಕುಳ್ಳಿರಿಸಿಕೊಂಡು ಗಂಟೆಗಟ್ಟಲೆ ನಡೆಯುತ್ತಿತ್ತು. ಗಣಕಯುಗದ ಈ ಆಚಾರ್ಯರು ಬಹುಕಾಲ ಗಣಕಯಂತ್ರವನ್ನೇ ಇಟ್ಟುಕೊಂಡಿರಲಿಲ್ಲವೆಂದರೆ ನಂಬುವುದು ಕಷ್ಟ. ಯೋಚನೆಯೆಲ್ಲ ಶಾಯಿಯ ಲೇಖನಿಯಿಂದ ಕಾಗದಕ್ಕಿಳಿಯುತ್ತಿತ್ತು. ಹೆಸರಿನ ಮೊದಲಕ್ಷರಗಳಾದ ಇ. ಡಬ್ಲ್ಯೂ. ಡಿ. ಎಂಬುವನ್ನು ಹೊತ್ತು ಕ್ರಮಸಂಖ್ಯೆಯೊಡನೆ ಹೊರಡುತ್ತಿದ್ದ ಆ ಹಸ್ತಪ್ರತಿಗಳನ್ನು ಪ್ರತಿ ಮಾಡಿಸಿ ಕೆಲವು ಮಿತ್ರರಿಗೆ ಅಂಚೆಯಲ್ಲಿ ಕಳುಹಿಸುವರು; ಅವರು ಮತ್ತೆ ಪ್ರತಿ ಮಾಡಿಸಿ ತಮ್ಮವರಿಗೆ ಹಂಚುವರು. ನಮ್ಮ ಮಠಗಳಲ್ಲಿ ತಾಳೆಗರಿಗಳು ಕೈಯಿಂದ ಕೈಗೆ ಸಾಗಿ ಉಳಿದುಬಂದ ಬಗೆಯೂ ಇದೇ ಅಲ್ಲವೆ? ವಿರಾಮದಲ್ಲಿ ಪಿಯಾನೋ ನುಡಿಸುವುದು, ಮೊಜಾರ್ಟನ ಸಂಗೀತ ಕೇಳುವುದು, ಪತ್ನಿಯೊಡನೆ ಮೋಟಾರು ವ್ಯಾನಿನಲ್ಲಿ ಅಮೆರಿಕದ ಅರಣ್ಯೋದ್ಯಾನಗಳನ್ನು ಸುತ್ತುವುದು ಇವು ಅವರಿಗೆ ಪ್ರಿಯವಾಗಿದ್ದವು. ಮಾತಿನಲ್ಲಿ ನಿಷ್ಠುರರು. ಇತರರ ಕೃತಿಗಳನ್ನು ಖಂಡಿಸುವಾಗ ವಿನಯವನ್ನು ಮರೆತರೆಂಬ ಆಕ್ಷೇಪವೂ ಅವರ ಮೇಲಿತ್ತು, ಅದು ನಿರಾಧಾರವಲ್ಲ.

1999ರಲ್ಲಿ ಅವರು ನಿವೃತ್ತರಾದರು. ಅರ್ಬುದ ರೋಗವು ತಗುಲಿತು. ಸ್ವದೇಶಕ್ಕೆ ಮರಳಿ, 2002ರ ಆಗಸ್ಟ್ 6ರಂದು ನ್ಯೂನೆನ್‌ನ ಮನೆಯಲ್ಲಿ ಪತ್ನಿಯನ್ನೂ ಮೂವರು ಮಕ್ಕಳನ್ನೂ ಅಗಲಿದರು. ಆಗ ಅವರಿಗೆ ಎಪ್ಪತ್ತೆರಡು ವರ್ಷ. 1974ರಲ್ಲಿ ಅವರು ಬರೆದ ಪುಟ್ಟ ಪ್ರಬಂಧವೊಂದಕ್ಕೆ, ಇಪ್ಪತ್ತೆಂಟು ವರ್ಷಗಳ ಅನಂತರ, ಅದೇ 2002ರಲ್ಲಿ ವಿದ್ವಾಂಸರು ಪ್ರಶಸ್ತಿಯನ್ನಿತ್ತಿದ್ದರು. ಮರುವರ್ಷದಿಂದ ಆ ಪ್ರಶಸ್ತಿಗೆ ಡೈಕ್‌ಸ್ಟ್ರಾ ಅವರ ಹೆಸರನ್ನೇ ಇಟ್ಟರು. ಸಾವಿರದ ಮುನ್ನೂರಕ್ಕೂ ಮೀರಿದ ಆ ಹಸ್ತಪ್ರತಿಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದವರು ಅಂತರ್ಜಾಲದಲ್ಲಿ ತೆರೆದಿಟ್ಟಿದ್ದಾರೆ. ಅವರ ದುಂಡಾದ ಕೈಬರಹದಲ್ಲಿಯೇ ಯಾರು ಬೇಕಾದರೂ ಅವುಗಳನ್ನು ಓದಬಹುದು.